ಕಾಳಿಂಗನ ಕಾಡಿನಲ್ಲಿ ಬೇಸಗೆಯ ಪಾಠ

ಬೇಸಗೆಯ ರಜೆಯೆಂದರೆ ಅಜ್ಜನ ಮನೆ ಎಂಬುದು ವಾಡಿಕೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಬರುವ ಕೆಲವು ವಿದ್ಯಾರ್ಥಿಗಳ ಗುರಿಯೇ ಬೇರೆ: ಕಾಡಿನ ಶಿಬಿರದಲ್ಲಿ ತಂಗಿ ವಿಜ್ಞಾನವನ್ನು ಕಲಿಯುವುದು. 1971ರಲ್ಲಿ ಇಲ್ಲಿಯೇ ಮೊದಲ ಕಾಳಿಂಗ ಸರ್ಪವನ್ನು ಕಂಡ ರೋಮುಲಸ್ ವಿಟೇಕರ್, 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು.

ಶಿಬಿರಕ್ಕೆ ಬೇಸಗೆಯೇ ತಕ್ಕ ಕಾಲ. ಹೆಣ್ಣು ಕಾಳಿಂಗ ತರಗೆಲೆಗಳನ್ನು ಮೈಯಿಂದಲೇ ಒಟ್ಟಿ ಗೂಡು ಕಟ್ಟುವುದು ಆಗಲೇ. ಕೊಳೆಯುವ ಎಲೆಗಳ ಶಾಖವು ಮೊಟ್ಟೆಗಳನ್ನು ಬೆಚ್ಚಗಿರಿಸುತ್ತದೆ. ಮುಂಗಾರಿನ ನೀರು ಸುಲಭವಾಗಿ ಒಳಗಿಳಿಯದು. ಇಂಥ ಪಾಠ ಯಾವ ಶಾಲೆಯಲ್ಲಿ ದೊರೆತೀತು?

ಹೆತ್ತವರ ಅಂಜಿಕೆ ಸಹಜವೇ. ಆದರೆ ಕಾಳಿಂಗನ ಆಹಾರ ಬಹುಮಟ್ಟಿಗೆ ಕೇರೆಯಂಥ ಇತರ ಹಾವುಗಳು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು ನಿರ್ಣಯವಾದಾಗ, ಅದರ ಶಾಸ್ತ್ರೀಯ ನಾಮದಲ್ಲಿಯೂ ಕನ್ನಡದ ‘ಕಾಳಿಂಗ’ ಸೇರಿತು. ತೋಟದಂಚಿನಲ್ಲಿ ಗೂಡು ಕಂಡರೆ, ಮರಿಗಳು ಹೊರಬರುವ ತನಕ ಕಾಯುವಂತೆ ಮನೆಯವರನ್ನು ಒಪ್ಪಿಸುವುದೂ ಇಲ್ಲಿಯ ಸಂಶೋಧಕರ ಕೆಲಸವೇ.