ಬಾಗಿಲು ಮುಚ್ಚಿದ ಮೇಲೂ ಉಳಿಯುವ ಹೊಣೆ

2012ರ ನವೆಂಬರ್ ಹೊತ್ತಿಗೆ ಬಂಡೀಪುರದ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಳೇಬರಗಳನ್ನು ಮುಟ್ಟಿ, ಸುಟ್ಟುಹಾಕಿದವರಲ್ಲಿ ಕೆಲವರು ಜ್ವರ ಹಿಡಿದು ಮಲಗಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಅದು ಮಂಗನ ಕಾಯಿಲೆ ಎಂದು ಗೊತ್ತಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ, ಮಲೆನಾಡಿನದೆಂದೇ ಜನ ತಿಳಿದಿದ್ದ ರೋಗ ಗುಂಡ್ಲುಪೇಟೆಯ ಸೀಮೆಗೂ ಕಾಲಿಟ್ಟಿತ್ತು.

ಕೆಲಸಕ್ಕೆ ಹೋದವನಿಗೆ ಆ ಕೆಲಸದಿಂದಲೇ ರೋಗ ತಗುಲಿದರೆ ಕಳಿಸಿದವರ ಹೊಣೆ ಏನು? ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇದಕ್ಕೆ ನೇರ ಉತ್ತರವಿತ್ತು. ಅದರ ಮೂರನೆಯ ಅನುಸೂಚಿಯ ಮೊದಲ ಭಾಗದಲ್ಲಿ ಆಸ್ಪತ್ರೆ ಮತ್ತು ಪ್ರಯೋಗಾಲಯದ ಕೆಲಸ, ಪಶುವೈದ್ಯಕೀಯ ಕೆಲಸದ ಜೊತೆಗೆ ಪ್ರಾಣಿಗಳನ್ನೂ ಅವುಗಳ ಕಳೇಬರಗಳನ್ನೂ ಮುಟ್ಟುವ ಕೆಲಸವನ್ನೂ ಹೆಸರಿಸಲಾಗಿತ್ತು. ಅಂಥ ಕೆಲಸದಲ್ಲಿ ಸೋಂಕು ತಗುಲಿದರೆ ಅದನ್ನು ಕೆಲಸದ ವೇಳೆ ಆದ ಅಪಘಾತದಂತೆಯೇ ಕಾಣಬೇಕಿತ್ತು. ಕೆಲಸದಿಂದ ಬಂದದ್ದಲ್ಲ ಎಂದು ಸಾಬೀತು ಮಾಡುವ ಭಾರ ಮಾಲೀಕರದಾಗಿತ್ತು. ದಿನಗೂಲಿಯವನು ಎಂಬ ಕಾರಣಕ್ಕೆ ಹಕ್ಕು ತಪ್ಪುತ್ತಿರಲಿಲ್ಲ. ಆದರೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು, ವೈದ್ಯರ ಚೀಟಿ ಕಳೆದುಕೊಂಡವನು ಸೋಲುತ್ತಿದ್ದುದು ಇಲ್ಲಿಯೇ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸದಿಂದ ಬರುವ ರೋಗಗಳ ಪಟ್ಟಿ ಅದರಲ್ಲೂ ಇದೆ.

ಕೋವಿಡ್ ಬಂದಾಗ ಇದೇ ಪ್ರಶ್ನೆ ಪ್ರತಿ ಅಂಗಡಿ, ಪ್ರತಿ ಶಾಲೆಯ ಬಾಗಿಲಿಗೆ ಬಂತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಆಧರಿಸಿ ರಾಜ್ಯ ಸರ್ಕಾರ 2020ರ ಮಾರ್ಚ್‌ನಲ್ಲಿ ನಿಯಮಾವಳಿ ಹೊರಡಿಸಿತು. ಮಾರ್ಚ್ 24ರಂದು ಕೇಂದ್ರವು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ದೇಶವನ್ನೇ ಮುಚ್ಚಿತು. ಜೂನ್ 9ರವರೆಗೆ ಚಾಮರಾಜನಗರದಲ್ಲಿ ಒಂದೂ ಪ್ರಕರಣ ಇರಲಿಲ್ಲ. ರೋಗವಿಲ್ಲದ ಜಿಲ್ಲೆಯಲ್ಲೂ ಶಾಲೆಗಳ ಬಾಗಿಲು ಮುಚ್ಚಿತ್ತು, ಕೂಲಿ ನಿಂತಿತ್ತು.

ನಿಂತ ಕೂಲಿಯನ್ನು ಕೊಡುವವರು ಯಾರು? ಮುಚ್ಚಿದ ದಿನಗಳಿಗೂ ಪೂರ್ತಿ ವೇತನ ಕೊಡಬೇಕೆಂದು ಕೇಂದ್ರ ಗೃಹ ಇಲಾಖೆ ಮಾರ್ಚ್ 29ರಂದು ಆದೇಶಿಸಿತು. ಮೇ 18ರಿಂದ ಅದನ್ನು ಹಿಂತೆಗೆಯಿತು. ನಡುವಿನ ಸುಮಾರು ಐವತ್ತು ದಿನಗಳ ಸಂಬಳದ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಎರಡೂ ಕಡೆಯವರು ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ ಎಂದು ಜೂನ್ 12ರಂದು ನ್ಯಾಯಾಲಯ ಹೇಳಿತು. ಸಂಘವಿರುವ ಕಾರ್ಖಾನೆಯಲ್ಲಿ ಮಾತುಕತೆ ನಡೆದೀತು. ಬಾಳೆ ಮಂಡಿಯಲ್ಲಿ ಗೊನೆ ಹೊರುವವನು, ಹೂವಿನ ತೋಟದಲ್ಲಿ ಬಿಡಿಸುವವಳು ಯಾರ ಎದುರು ಕೂತು ಮಾತಾಡಬೇಕು? ಈ ಆದೇಶದಲ್ಲಿ ಅವರ ಪಾಲಿಗೆ ಗಟ್ಟಿಯಾದದ್ದು ಏನೂ ಸಿಗಲಿಲ್ಲ. ಅದೇ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ ಹತ್ತು ಗಂಟೆವರೆಗೆ ದುಡಿಸಲು ಅವಕಾಶ ಕೊಟ್ಟು, ಜೂನ್‌ನಲ್ಲಿ ಹಿಂತೆಗೆದುಕೊಂಡಿತು.

ಶಾಲೆಗಳ ಕಥೆ ಇನ್ನೂ ತೊಡಕಿನದು. ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವನ್ನು 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿತು. ಕಲಿಯುವ ಹಕ್ಕಿಗೆ ಇದು ಅಡ್ಡಿ ಎಂದು ಜುಲೈ 8ರಂದು ಹೈಕೋರ್ಟ್ ಆ ನಿಷೇಧಕ್ಕೆ ತಡೆ ಕೊಟ್ಟಿತು. ಕಾಡಂಚಿನ ಹಾಡಿಯ ಮಗುವಿಗೆ ಈ ಗೆಲುವಿನಿಂದ ಆದ ಲಾಭ ಕಡಿಮೆ. ಅಲ್ಲಿ ಫೋನೂ ಇಲ್ಲ, ಸಿಗ್ನಲ್ಲೂ ಇಲ್ಲ. ಅಂಥ ಮಕ್ಕಳಿಗೆಂದು ಶಿಕ್ಷಕರು ಗುಡಿಯ ಜಗಲಿ, ಮರದ ನೆರಳಿಗೆ ಹೋಗಿ ಕಲಿಸಿದ ವಿದ್ಯಾಗಮ ಕಾರ್ಯಕ್ರಮ ಕೆಲಸಕ್ಕೆ ಬಂದಿತ್ತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಬಿಸಿಯೂಟದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ, ಮತ್ತು ಇದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಪ್ರತಿ ಸದಸ್ಯರೂ ತಿಳಿದಿರಬೇಕು. 2015ರ ಬಿಸಿಯೂಟ ನಿಯಮಗಳ ಪ್ರಕಾರ ಯಾವುದೇ ಕಾರಣಕ್ಕೆ ಶಾಲಾ ದಿನದಂದು ಊಟ ಸಿಗದಿದ್ದರೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು: ಅಷ್ಟೂ ದಿನದ ಧಾನ್ಯ ಮತ್ತು ಅಡುಗೆ ವೆಚ್ಚ, ಮುಂದಿನ ತಿಂಗಳ 15ರೊಳಗೆ. ಧಾನ್ಯದ ಲೆಕ್ಕ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ. ಇದು 2013ರ ಆಹಾರ ಭದ್ರತಾ ಕಾಯ್ದೆಯಿಂದ ಬಂದ ಹಕ್ಕು. ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ಖಾಸಗಿ ಶಾಲೆಗಳಲ್ಲಿ ಜಗಳ ಶುಲ್ಕದ್ದು. ಶೇ 70ರಷ್ಟು ಬೋಧನಾ ಶುಲ್ಕ ಮಾತ್ರ ಪಡೆಯಿರಿ ಎಂದು 2021ರ ಜನವರಿಯಲ್ಲಿ ಸರ್ಕಾರ ಹೇಳಿತು. ರಾಜಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ್ದಂತೆ ಶೇ 15ರ ರಿಯಾಯಿತಿಯನ್ನು ಹೈಕೋರ್ಟ್ ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಿಗದಿ ಮಾಡಿತು.

ಗಡಿಯ ಊರಿಗೆ ಬೇರೆಯದೇ ತಾಪತ್ರಯ. ಗುಂಡ್ಲುಪೇಟೆಯಿಂದ ಮೂಲೆಹೊಳೆ ದಾಟಿದರೆ ವಯನಾಡು. ಓದಿಗೆ, ಕೆಲಸಕ್ಕೆ ಕೇರಳದಿಂದ ದಿನವೂ ಬಂದುಹೋಗುವವರು ಹದಿನೈದು ದಿನಕ್ಕೊಮ್ಮೆ ಆರ್‌ಟಿಪಿಸಿಆರ್ ಮಾಡಿಸಬೇಕೆಂದು 2021ರಲ್ಲಿ ಕರ್ನಾಟಕ ನಿಯಮ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಓಮಿಕ್ರಾನ್ ಕಂಡಾಗ, ಶಾಲೆಗೆ ಬರುವ ಮಕ್ಕಳ ತಂದೆತಾಯಿ ಎರಡೂ ಡೋಸ್ ಲಸಿಕೆ ಪಡೆದಿರಬೇಕೆಂದಿತು. ಅಪ್ಪ ಸೂಜಿ ಹಾಕಿಸಿಕೊಳ್ಳದ್ದಕ್ಕೆ ಮಗಳ ಪಾಠ ತಪ್ಪುವುದು ನ್ಯಾಯವಲ್ಲ. ಲಸಿಕೆಗೆ ಯಾರನ್ನೂ ಬಲವಂತ ಮಾಡುವಂತಿಲ್ಲ, ಹಾಕಿಸಿಕೊಳ್ಳದವರ ಮೇಲಿನ ನಿರ್ಬಂಧ ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದು 2022ರ ಮೇ 2ರಂದು ಸುಪ್ರೀಂ ಕೋರ್ಟ್ ಹೇಳಿತು.

2023ರ ಸೆಪ್ಟೆಂಬರ್‌ನಲ್ಲಿ ಕೋಝಿಕ್ಕೋಡ್‌ನಲ್ಲಿ ನಿಪಾ ಬಂದಾಗ ಅಲ್ಲಿನ ಶಾಲೆಗಳು ಮುಚ್ಚಿದವು, ಚಾಮರಾಜನಗರದ ಗಡಿಯಲ್ಲಿ ಜ್ವರದ ನಿಗಾ ಶುರುವಾಯಿತು. ಇಂಥ ದಿನ ಮುಖ್ಯ ಶಿಕ್ಷಕರ ಫೋನಿಗೆ ವಾಟ್ಸ್‌ಆ್ಯಪ್ ಸಂದೇಶಗಳು ತುಂಬಿಕೊಳ್ಳುತ್ತವೆ. ಆಗ ಹುಡುಕಬೇಕಾದ್ದು ಯಾವ ಕಾಯ್ದೆ, ಯಾರ ಸಹಿ, ಯಾವ ದಿನದವರೆಗೆ ಎಂಬುದನ್ನು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಆದೇಶವನ್ನು ಸಕಾರಣವಿಲ್ಲದೆ ಮೀರಿದರೆ ಒಂದು ವರ್ಷದವರೆಗೆ ಸೆರೆ ಆಗಬಹುದು. ಜೀವಹಾನಿಯಾದರೆ ಎರಡು ವರ್ಷ. ತಪ್ಪು ಕಂಪನಿಯದಾದರೆ ಅದನ್ನು ನಡೆಸುತ್ತಿದ್ದವರೇ ಉತ್ತರ ಕೊಡಬೇಕು. ಇಲಾಖೆಯ ಸಲಹಾ ಪತ್ರಕ್ಕೆ ಈ ಬಲವಿಲ್ಲ, ಅದನ್ನು ತೋರಿಸಿ ಕೆಲಸಗಾರನ ಸಂಬಳ ಹಿಡಿಯುವಂತಿಲ್ಲ. ಜ್ವರದ ಭಯಕ್ಕೆ ಮನೆಯಲ್ಲೇ ಉಳಿದ ಮಗುವಿನ ಹೆಸರನ್ನು ಎಂಟನೇ ತರಗತಿಯವರೆಗೆ ದಾಖಲಾತಿಯಿಂದ ಹೊಡೆಯುವಂತೆಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ತಡೆಯುತ್ತದೆ.