ಮಕ್ಕಳ ಕೈಗೆ ಯಾವ ಪುಸ್ತಕ?



ನಮ್ಮ ವಾಚನಾಲಯದ ಮಕ್ಕಳ ಕಪಾಟಿಗೆ ಪುಸ್ತಕ ಕೊಳ್ಳುವ ಕೆಲಸ ಎರಡು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾನು ಗಿರಣಿಯಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವ ಕಾರಕೂನ; ಓದಿದ್ದು ಮೆಟ್ರಿಕ್‌ವರೆಗೆ. ಆದುದರಿಂದ ಇದು ಪಂಡಿತರ ಮಾತಲ್ಲ, ತಪ್ಪು ಮಾಡಿ ಕಲಿತವನ ಮಾತು. ಕಥೆ, ಕಾದಂಬರಿಗಳನ್ನು ಮಕ್ಕಳು ತಾವೇ ಹುಡುಕಿಕೊಳ್ಳುತ್ತಾರೆ. ವಿಜ್ಞಾನ, ಪ್ರಾಣಿ ಪಕ್ಷಿ, ಚರಿತ್ರೆ, ದೊಡ್ಡವರ ಜೀವನ, ಇಂಥ ಪುಸ್ತಕಗಳನ್ನು ಆರಿಸುವುದೇ ಕಷ್ಟ. ಅದರ ಬಗ್ಗೆಯೇ ಈ ಅರಿಕೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಸಂಘದವರು ಕೊಟ್ಟ ಹಣದಲ್ಲಿ ಮುಕ್ಕಾಲು ಪಾಲು ಸುರಿದು ಸಾಮಾನ್ಯ ಜ್ಞಾನದ ಒಂದು ದಪ್ಪ ಪುಸ್ತಕ ತಂದೆ. ಹೊಳೆಯುವ ಕಾಗದ, ಬಣ್ಣದ ಚಿತ್ರಗಳು. ಯಾವ ನದಿ ಉದ್ದ, ಯಾವ ಪರ್ವತ ಎತ್ತರ, ಯಾವ ದೇಶಕ್ಕೆ ಯಾವ ರಾಜಧಾನಿ, ಎಲ್ಲವೂ ಇತ್ತು. ಮಕ್ಕಳು ಒಂದು ಸಂಜೆ ಚಿತ್ರ ನೋಡಿದರು. ಆಮೇಲೆ ಆರು ತಿಂಗಳು ಅದು ಕೇರಂ ಹಲಗೆಯ ಅಡಿಯಲ್ಲಿ ಒತ್ತಾಗಿ ಬಿದ್ದಿತ್ತು. ತಪ್ಪು ಮಕ್ಕಳದಲ್ಲ. ಅದರಲ್ಲಿ ಉತ್ತರಗಳು ಸಾವಿರ ಇದ್ದವು. ಆ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ.

ಕೇಳಿದ ಪ್ರಶ್ನೆ ಬೇರೆಯೇ ಇತ್ತು. ಮಗ್ಗದ ಖಾತೆಯಲ್ಲಿ ದುಡಿಯುವ ನಮ್ಮವರೊಬ್ಬರ ಮಗ, ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ, ಒಂದು ದಿನ ಬಂದು, “ಕಾಕಾ, ಅಪ್ಪಾ ಕೆಲಸಾ ಮಾಡೋ ಕಡೆ ಗಾಳ್ಯಾಗ ನೀರು ಯಾಕ ಸಿಂಪಡಿಸ್ತಾರ?” ಎಂದ. ಹತ್ತಿಯ ನೂಲು ಒಣಗಿದರೆ ಬೇಗ ಹರಿಯುತ್ತದೆ, ತೇವವಿದ್ದರೆ ಗಟ್ಟಿ, ಅದಕ್ಕೇ ಎಂದು ಜಂಬದಿಂದ ಹೇಳಿದೆ. ಅವನು ಬಿಡಲಿಲ್ಲ. “ಕಾಗದ ತೊಯ್ದರ ಹರೀತೈತಿ. ನೂಲು ಹ್ಯಾಂಗ ಗಟ್ಟಿ ಆಗತೈತಿ?”

ಇಷ್ಟು ವರ್ಷ ಗಿರಣಿಯ ಅನ್ನ ತಿಂದವನಿಗೆ ಉತ್ತರ ಬರಲಿಲ್ಲ. ನಮ್ಮ ದಪ್ಪ ಪುಸ್ತಕದಲ್ಲಿಯೂ ಇರಲಿಲ್ಲ. ಕೊನೆಗೆ ನೂಲಿನ ಪರೀಕ್ಷೆ ಮಾಡುವವರನ್ನು ಕೇಳಿ ತಿಳಿದೆವು. ಕಾಗದದಲ್ಲಿ ಗಿಡ್ಡ ಗಿಡ್ಡ ನಾರುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀರು ಆ ಹಿಡಿತವನ್ನು ಬಿಡಿಸುತ್ತದೆ. ನೂಲಿನಲ್ಲಿ ನಾರುಗಳು ಉದ್ದ, ಮೇಲಾಗಿ ಹೊಸೆದವು. ನೀರು ಹೀರಿ ಉಬ್ಬಿದಾಗ ಒಂದನ್ನೊಂದು ಇನ್ನೂ ಬಿಗಿಯಾಗಿ ಒತ್ತುತ್ತವೆ. ಆ ಹುಡುಗ ಅಂದಿನಿಂದ ವಾಚನಾಲಯಕ್ಕೆ ಬರುವುದನ್ನು ತಪ್ಪಿಸಿಲ್ಲ. ನಾನು ಸಹ ಪಟ್ಟಿ ನೋಡಿ ಪುಸ್ತಕ ಕೊಳ್ಳುವುದನ್ನು ಬಿಟ್ಟೆ.

ಮಗುವಿನಲ್ಲಿ ಆಗಲೇ ಇರುವ ಪ್ರಶ್ನೆಯನ್ನು ಹಿಡಿದು ಮುಂದಿನ ಪ್ರಶ್ನೆಗೆ ನಡೆಸುವ ಪುಸ್ತಕ ಬೇಕು. ಮೈಕೇಲ್ ಫ್ಯಾರಡೆಯ ಹೆಸರನ್ನು ನೀವು ಕೇಳಿರಬಹುದು. ಲಂಡನ್ನಿನ ಒಬ್ಬ ಕಮ್ಮಾರನ ಮಗ. 1805ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಹೊಲಿಯಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಅವುಗಳಲ್ಲಿ ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನ ಶಾಸ್ತ್ರದ ಬಗ್ಗೆ ಬರೆದ ಪುಸ್ತಕ ಒಂದು. ಒಬ್ಬ ಶಿಕ್ಷಕಿ, ಇಬ್ಬರು ಹುಡುಗಿಯರು, ಅವರ ಮಾತುಕತೆ, ಅಷ್ಟೆ. ಅದರಲ್ಲಿ ಹೇಳಿದ್ದು ನಿಜವೇ ಎಂದು ಫ್ಯಾರಡೆ ತನ್ನ ಕೈಲಾದ ಸಣ್ಣ ಪ್ರಯೋಗಗಳಿಂದ ನೋಡಿಕೊಂಡ. ಮುಂದೆ ದೊಡ್ಡ ವಿಜ್ಞಾನಿಯಾದ ಮೇಲೆ ಅವನೇ 1860ರ ಕ್ರಿಸ್‌ಮಸ್ ರಜೆಯಲ್ಲಿ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಉಪನ್ಯಾಸಗಳನ್ನು ಕೊಟ್ಟ. ಬತ್ತಿ ಎಲ್ಲರ ಮನೆಯಲ್ಲಿಯೂ ಉಂಟು. ಗುಟ್ಟು ಅಲ್ಲಿಯೇ ಇದೆ.

ಕನ್ನಡದಲ್ಲಿ ಇಂಥವು ಇಲ್ಲವೆನ್ನುವವರು ಹುಡುಕಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಹತ್ತು ಹನ್ನೆರಡು ವರ್ಷದವರಿಗೆ ಧೈರ್ಯವಾಗಿ ಕೊಡಬಹುದು: ನಾಯಿ, ಹಕ್ಕಿ, ಕಾಡು, ಸುತ್ತಲಿನ ಜನ, ಜೊತೆಗೆ ನಗು. ಸ್ವಲ್ಪ ದೊಡ್ಡ ಮಕ್ಕಳಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ನಮ್ಮ ಹಾಗೆಯೇ ಹೊರನಾಡಿನಲ್ಲಿ ದುಡಿದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ ಕಥನವದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮೊದಲ ಪುಟಗಳಲ್ಲಿ ಗಿಡಗಳ ಹೆಸರು ತೊಡಕಾದರೆ ದಾಟಿ ಹೋಗಲಿ, ತಪ್ಪಿಲ್ಲ. ನಿರಂಜನರು ಸಂಪಾದಿಸಿದ ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟಗಳು ಸಿಕ್ಕರೆ ಮನೆಗೆ ಬೇಡ, ವಾಚನಾಲಯಕ್ಕೆ ಇರಲಿ.

ಕೊಳ್ಳುವ ಮುಂಚೆ ಶೀರ್ಷಿಕೆಯ ಪುಟದ ಹಿಂದೆ ಅಚ್ಚಾದ ವರ್ಷ ನೋಡತಕ್ಕದ್ದು. ಗ್ರಹಗಳು ಒಂಬತ್ತು ಎಂದಿದ್ದರೆ ಅದು 2006ಕ್ಕೆ ಹಿಂದಿನ ಮಾತು. ಆ ವರ್ಷ ಪ್ಲೂಟೋವನ್ನು ಕುಬ್ಜ ಗ್ರಹವೆಂದು ಬೇರೆ ಮಾಡಿದರು. ಭಾರತದ ನಕಾಶೆಯಲ್ಲಿ ತೆಲಂಗಾಣ ಇಲ್ಲದಿದ್ದರೆ 2014ಕ್ಕೆ ಹಿಂದಿನದು. ಹಾಗೆಂದು ಹಳೆಯದನ್ನೆಲ್ಲ ರದ್ದಿಗೆ ಹಾಕಬೇಡಿ. ಶಿವರಾಮ ಕಾರಂತರು ಒಬ್ಬರೇ ಕೂತು ಬರೆದ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು 1930ರ ದಶಕದವು. ಅಂಕಿ ಅಂಶ ಹಳತಾಗಿರಬಹುದು, ಮಕ್ಕಳೊಡನೆ ಮಾತಾಡುವ ರೀತಿ ಹಳತಾಗಿಲ್ಲ. ಜೀವನಚರಿತ್ರೆಗಳಲ್ಲಿ ಮಾತ್ರ ನಾನು ಸ್ವಲ್ಪ ಕಠಿಣ. ತೊಟ್ಟಿಲಲ್ಲಿಯೇ ಮಹಾಪುರುಷನಾಗಿದ್ದವನ ಕಥೆ ಮಕ್ಕಳಿಗೆ ಬೇಡ. ಅವನು ಎಲ್ಲಿ ಎಡವಿದ, ಫೀ ಕಟ್ಟಲು ಏನು ಮಾಡಿದ, ಅದು ಇರಬೇಕು.

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಒಂದಿದೆ. ನಡುವಿನ ಯಾವುದಾದರೂ ಪುಟ ತೆಗೆದು ಗಟ್ಟಿಯಾಗಿ ಓದಿ, ನಿಲ್ಲಿಸಿ. “ಮುಂದ?” ಎಂದು ಮಗು ಕೇಳಿದರೆ ಕೊಳ್ಳಿರಿ.

ಗಟ್ಟಿಯಾಗಿ ಓದುವುದಕ್ಕೆ ಇನ್ನೊಂದು ಕಾರಣವುಂಟು. ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಒತ್ತಕ್ಷರ ಬಂದರೆ ನಾಲಿಗೆ ನಿಲ್ಲುತ್ತದೆ. ಮೇಲೆ ಹೇಳಿದ ಹುಡುಗನ ತಂದೆ ಊರಿನಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆ. ಮಗನ ಶಾಲೆಯ ಪುಸ್ತಕ ಅವರಿಗೆ ಓದಲು ಬಾರದು. ಮಗ ಏನು ಕಲಿಯುತ್ತಾನೆಂಬುದೇ ತಿಳಿಯದೆ ಸುಮ್ಮನಿರುತ್ತಿದ್ದರು. ಒಂದು ಭಾನುವಾರ ನಮ್ಮ ಬೆಂಚಿನ ಮೇಲೆ ಇಬ್ಬರೂ ಗಿಡಗಳ ಬಗ್ಗೆ ಒಂದು ಕನ್ನಡ ಪುಸ್ತಕ ಹಿಡಿದು ಕೂತಿದ್ದರು. ತಂದೆ ‘ದ್ಯುತಿಸಂಶ್ಲೇಷಣೆ’ ಎಂಬಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದರು. “ಇದೇನಪಾ?” ಎಂದರು. ಮಗ, “ಇದು ನಮ್ಮ ಪ್ರಕಾಶಸಂಶ್ಲೇಷಣ ಅಪ್ಪಾ, ಎಲಿ ಬಿಸಲಾಗ ಅಡಗಿ ಮಾಡ್ಕೊಳ್ಳೋದು” ಎಂದು ವಿವರಿಸತೊಡಗಿದ. ಅಕ್ಷರ ತಂದೆಯದು, ಅರ್ಥ ಮಗನದು. ಬೀಗ ಹಾಕುವ ಹೊತ್ತಾಗಿದ್ದರೂ ಅರ್ಧ ಗಂಟೆ ನಾನು ಏಳಲಿಲ್ಲ.

ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರೂ ನಮ್ಮಲ್ಲಿ ಅನೇಕರು. ಅವರು ರಜೆಯಲ್ಲಿ ಹೋಗುವಾಗ ಬಟ್ಟೆಯ ಜೊತೆಗೆ ಒಂದು ಪುಸ್ತಕ ಒಯ್ಯಬೇಕೆಂದಿದ್ದರೆ ನನ್ನನ್ನು ಕಾಣಬಹುದು.

ಈ ತಿಂಗಳಿನಿಂದ ಮಕ್ಕಳ ಕಪಾಟಿನ ಪಕ್ಕದಲ್ಲಿ ಪ್ರಶ್ನೆಯ ವಹಿಯೊಂದನ್ನು ದಾರ ಕಟ್ಟಿ ತೂಗುಹಾಕಿದೆ. ಮಕ್ಕಳು ಏನು ಬೇಕಾದರೂ ಬರೆಯಬಹುದು, ಯಾವ ಲಿಪಿಯಲ್ಲಾದರೂ ಸರಿ. ಮುಂದಿನ ಖರೀದಿ ಅದನ್ನು ನೋಡಿಯೇ ಆಗುವುದು. ಇದುವರೆಗೆ ಬಂದವು: ಹಲ್ಲಿ ಗೋಡೆಯಿಂದ ಯಾಕೆ ಬೀಳುವುದಿಲ್ಲ, ರೈಲಿನ ಹಳಿಯ ನಡುವೆ ಕಲ್ಲು ಯಾಕೆ ಹಾಕುತ್ತಾರೆ, ಸಮುದ್ರದ ನೀರಿಗೆ ಉಪ್ಪು ಎಲ್ಲಿಂದ ಬಂತು. ಪೆನ್ಸಿಲ್ ಮಾತ್ರ ಎರಡು ಸಲ ಕಳೆದುಹೋಗಿದೆ. ದಯವಿಟ್ಟು ಮನೆಯಿಂದಲೇ ತರಬೇಕು.