ಓಲಾಟ ಮತ್ತು ಹದ: ಕಾರಿನ ಸ್ಟೆಬಿಲೈಸರ್ ಬಾರ್‌ನ ಆಯ್ಕೆ ಹಾಗೂ ಹೊಂದಾಣಿಕೆ

ಬಂಡಿ, ನೇಗಿಲು, ಕುಲುಮೆ, ಮಗ್ಗಗಳಿಗೆ ಜಾನಪದ ಅಧ್ಯಯನವು ಕೊಟ್ಟಷ್ಟು ಗಮನವನ್ನು ಮೋಟಾರು ಗ್ಯಾರೇಜಿಗೆ ಕೊಟ್ಟಿಲ್ಲ. ಆದರೆ ಹಿರಿಯ ಮೇಸ್ತ್ರಿಯಿಂದ ಕಲಿಯುವ ಹುಡುಗನಿಗೆ ಬಾಯಿಮಾತಿನಲ್ಲಿ, ಕೈಯ ಅಳತೆಯಲ್ಲಿ ಸಾಗಿಬರುವ ಅರಿವು ಅಲ್ಲಿಯೂ ಇದೆ. ಅಮೆರಿಕದ ವಿದ್ವಾಂಸ ರಾಬರ್ಟ್ ಮೆಕಾರ್ಲ್ 1978ರ ತಮ್ಮ ಲೇಖನದಲ್ಲಿ ವೃತ್ತಿ ಜಾನಪದದ ಕೇಂದ್ರದಲ್ಲಿ ಕೆಲಸದ ತಂತ್ರವನ್ನೇ ಇರಿಸಿದರು. ಕೆಲಸಗಾರರು ತಮ್ಮೊಳಗೆ ಒಪ್ಪಿಕೊಂಡ, ಹೊಸಬರಿಗೆ ಕಲಿಸುವ, ಪರಸ್ಪರರನ್ನು ಅಳೆಯಲು ಬಳಸುವ ಅಲಿಖಿತ ನಿಯಮಗಳೇ ಆ ತಂತ್ರ. ಈ ದೃಷ್ಟಿಯಿಂದ ನೋಡಿದಾಗ, ತಿರುವಿನಲ್ಲಿ ಕಾರಿನ ಓಲಾಟವನ್ನು ಹಿಡಿತದಲ್ಲಿಡುವ ಸ್ಟೆಬಿಲೈಸರ್ ಬಾರ್ ಪರಿಶೀಲನೆಗೆ ಅರ್ಹವಾದ ವಸ್ತು. ಅದರ ಸೂತ್ರ ಎಂಜಿನಿಯರಿಂಗ್ ಗ್ರಂಥಗಳಲ್ಲಿದೆ. ಅದರ ಹದ ಕೆಲಸಗಾರನ ಕೈಯಲ್ಲಿದೆ.

ರಚನೆ ಮತ್ತು ಕಾರ್ಯ

ಸ್ವೇ ಬಾರ್, ಆ್ಯಂಟಿ-ರೋಲ್ ಬಾರ್ ಎಂದೂ ಕರೆಯಲಾಗುವ ಇದು ಸ್ಥೂಲವಾಗಿ ‘ಯು’ ಆಕಾರದ ಉಕ್ಕಿನ ಸರಳು. ಇದರ ನಡುಭಾಗವನ್ನು ಎರಡು ಬುಷ್‌ಗಳ ಮೂಲಕ ಕಾರಿನ ಒಡಲಿಗೆ ಬಿಗಿಯಲಾಗಿರುತ್ತದೆ. ಎರಡು ತೋಳುಗಳ ತುದಿಗಳು ಲಿಂಕ್ ರಾಡ್‌ಗಳ ಮೂಲಕ ಎಡಬಲ ಚಕ್ರಗಳ ಸಸ್ಪೆನ್ಷನ್‌ಗೆ ಕೂಡಿರುತ್ತವೆ. ಎರಡೂ ಚಕ್ರಗಳು ಒಟ್ಟಿಗೆ ಏರಿಳಿದರೆ ಸರಳು ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ. ಒಂದು ಏರಿ ಇನ್ನೊಂದು ಇಳಿದಾಗ ಮಾತ್ರ ಅದು ತಿರುಚಿಕೊಂಡು, ಒಡಲು ವಾಲುವುದನ್ನು ತಡೆಯುತ್ತದೆ. ಕೆನಡಾದ ಫ್ರೆಡೆರಿಕ್ಟನ್ ಊರಿನ ಸ್ಟೀಫನ್ ಕೋಲ್ಮನ್ ಅವರಿಗೆ 1919ರಲ್ಲಿ ದೊರೆತ ಹಕ್ಕುಪತ್ರವನ್ನು ಇಂತಹ ಸರಳಿನ ಮೊದಲ ಪೇಟೆಂಟ್ ಎಂದು ಗುರುತಿಸಲಾಗಿದೆ.

ಭಾರದ ಹಂಚಿಕೆ

ಬಾರ್ ದಪ್ಪವಾದಷ್ಟೂ ಕಾರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ಒಟ್ಟು ಎಷ್ಟು ಭಾರ ಸರಿಯಬೇಕೆಂಬುದನ್ನು ಮುಖ್ಯವಾಗಿ ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ಬಿರುಸು ನಿರ್ಧರಿಸುತ್ತವೆ. ಆ ಮೊತ್ತವನ್ನು ಬಾರ್ ತಗ್ಗಿಸಲಾರದು. ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನಷ್ಟೇ ಅದು ಬದಲಿಸುತ್ತದೆ.

ಎತ್ತಿನ ಬಂಡಿಗೆ ಹೇರು ಹಾಕುವವರಿಗೆ ಈ ವಿವೇಕ ಹೊಸದಲ್ಲ. ಮುಂಭಾರ ಹೆಚ್ಚಿದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂಭಾರ ಹೆಚ್ಚಿದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹೇರಿನ ತೂಕ ಅಷ್ಟೇ ಇದ್ದರೂ ಅದರ ಹಂಚಿಕೆಯಿಂದ ಬಂಡಿಯ ನಡೆ ಬೇರೆಯಾಗುತ್ತದೆ. ಬಂಡಿಯಲ್ಲಿ ಹೇರನ್ನು ಸರಿಸಿ ಪಡೆಯುವ ಹದವನ್ನು ಕಾರಿನಲ್ಲಿ ಬಾರ್‌ನ ಬಿಗುವನ್ನು ಬದಲಿಸಿ ಪಡೆಯಲಾಗುತ್ತದೆ.

ಇದಕ್ಕೆ ಟೈರಿನ ಗುಣ ಕಾರಣ. ಟೈರಿನ ಮೇಲಿನ ಭಾರ ಎರಡರಷ್ಟಾದರೆ ಅದರ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ ಯಾವ ಜೋಡಿಯಲ್ಲಿ ಭಾರದ ಸರಿತ ಹೆಚ್ಚೋ ಆ ಜೋಡಿಯ ಒಟ್ಟು ಹಿಡಿತ ಕುಗ್ಗುತ್ತದೆ. ಮುಂದಿನ ಬಾರ್ ಬಿಗಿಯಾದರೆ ಕಾರಿನ ಮೂತಿ ತಿರುವಿನ ಹೊರಕ್ಕೆ ಜಾರುತ್ತದೆ, ಇದು ಅಂಡರ್‌ಸ್ಟೀರ್. ಹಿಂದಿನದು ಬಿಗಿಯಾದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ, ಇದು ಓವರ್‌ಸ್ಟೀರ್.

ಆಯ್ಕೆಯ ಆಧಾರಗಳು

ಸರಳಿನ ತಿರುಚು-ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 20 ಮಿ.ಮೀ. ಬಾರ್‌ನ ಬದಲು 22 ಮಿ.ಮೀ. ಹಾಕಿದರೆ ಬಿಗುವು ಸುಮಾರು ಶೇ. 46 ಹೆಚ್ಚುತ್ತದೆ, 24 ಮಿ.ಮೀ. ಆದರೆ ಎರಡರಷ್ಟನ್ನೂ ತುಸು ಮೀರುತ್ತದೆ. ಕಣ್ಣಿಗೆ ಅಲ್ಪವೆನಿಸುವ ವ್ಯತ್ಯಾಸ ರಸ್ತೆಯಲ್ಲಿ ಅಲ್ಪವಲ್ಲ. ಟೊಳ್ಳು ಸರಳು ತೂಕವನ್ನು ಉಳಿಸುತ್ತದೆ: ಹೊರವ್ಯಾಸ 24, ಒಳವ್ಯಾಸ 16 ಮಿ.ಮೀ. ಇರುವ ಕೊಳವೆಯು ಅದೇ ಹೊರವ್ಯಾಸದ ಘನ ಸರಳಿನ ಶೇ. 80ರಷ್ಟು ಬಿಗುವನ್ನು ಶೇ. 56ರಷ್ಟು ತೂಕದಲ್ಲಿಯೇ ಕೊಡುತ್ತದೆ.

ಹೊಂದಿಸಬಹುದಾದ ಬಾರ್‌ಗಳ ತೋಳಿನಲ್ಲಿ ಸಾಮಾನ್ಯವಾಗಿ ಎರಡು-ಮೂರು ರಂಧ್ರಗಳಿರುತ್ತವೆ. ಲಿಂಕ್ ಅನ್ನು ಒಳರಂಧ್ರಕ್ಕೆ ಸರಿಸಿದರೆ ತೋಳು ಗಿಡ್ಡವಾಗಿ ಬಿಗುವು ಹೆಚ್ಚುತ್ತದೆ. ತೋಳು 250ರಿಂದ 225 ಮಿ.ಮೀ.ಗೆ ಇಳಿದರೆ, ತೋಳಿನ ಸ್ವಂತ ಬಾಗುವಿಕೆಯನ್ನು ಬಿಟ್ಟು ಲೆಕ್ಕಹಾಕಿದಾಗ, ಏರಿಕೆ ಸುಮಾರು ಶೇ. 23. ಪಂದ್ಯದ ಕಾರುಗಳಲ್ಲಿ ಚಪ್ಪಟೆ ಅಲಗಿನಂತಹ ತೋಳುಗಳೂ ಉಂಟು. ಅಲಗನ್ನು ಅಡ್ಡ ಮಲಗಿಸಿದರೆ ಮೃದು, ನೆಟ್ಟಗೆ ನಿಲ್ಲಿಸಿದರೆ ಬಿಗಿ.

ಚಾಲನೆಯ ಬಗೆಯೂ ಆಯ್ಕೆಯನ್ನು ನಿರ್ಧರಿಸುತ್ತದೆ. ಎಂಜಿನ್ ಮುಂದಿನ ಚಕ್ರಗಳನ್ನು ಓಡಿಸುವ ಕಾರಿನಲ್ಲಿ ಸಹಜವಾಗಿಯೇ ಮೂತಿ ಭಾರ. ಅಲ್ಲಿ ಹಿಂದಿನ ಬಾರ್ ಅನ್ನು ತುಸು ಬಿಗಿಗೊಳಿಸುವುದು ರೂಢಿ; ಮುಂದಿನದನ್ನು ಅತಿ ಬಿಗಿಗೊಳಿಸಿದರೆ ಒಳಚಕ್ರ ಹಗುರಾಗಿ ವ್ಯರ್ಥವಾಗಿ ಸುತ್ತುತ್ತದೆ. ಹಿಂದಿನ ಚಕ್ರಗಳು ಓಡಿಸುವ ಕಾರಿನಲ್ಲಿ ಹಿಂದಿನ ಬಾರ್ ಅತಿಯಾದರೆ, ತಿರುವಿನಿಂದ ಹೊರಬೀಳುವಾಗ ಇದೇ ದೋಷ ಹಿಂದೆ ಕಾಣಿಸುತ್ತದೆ.

ಹದಗೊಳಿಸುವ ಕ್ರಮ

ಮೊದಲು ಸವೆದ ಬುಷ್, ಸಡಿಲ ಲಿಂಕ್, ಟೈರಿನ ಗಾಳಿ, ಚಕ್ರಗಳ ಅಲೈನ್‌ಮೆಂಟ್ ಇವುಗಳನ್ನು ಸರಿಪಡಿಸಬೇಕು. ಇವು ಕೆಟ್ಟಿರುವಾಗ ಬಾರ್ ಬದಲಿಸುವುದು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟಂತೆ. ಬಳಿಕ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಾಲಕನ ಆಸನದಲ್ಲಿ ಅವನಷ್ಟೇ ಭಾರವಿರಿಸಿ, ಲಿಂಕ್‌ನ ಉದ್ದವನ್ನು ಅದರ ಬೋಲ್ಟ್ ಬಲಾತ್ಕಾರವಿಲ್ಲದೆ ಸೇರುವಂತೆ ಹೊಂದಿಸಬೇಕು. ನಿಂತಿರುವಾಗಲೇ ಬಾರ್ ತಿರುಚಿಕೊಂಡಿದ್ದರೆ ಕಾರು ಎಡತಿರುವಿನಲ್ಲಿ ಒಂದು ಬಗೆ, ಬಲತಿರುವಿನಲ್ಲಿ ಇನ್ನೊಂದು ಬಗೆ ವರ್ತಿಸುತ್ತದೆ.

ಮೃದುವಾದ ಸ್ಥಾನದಿಂದ ಆರಂಭಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸಂಚಾರವಿಲ್ಲದ ಒಂದೇ ಜಾಗದಲ್ಲಿ, ಒಂದೇ ವೇಗದಲ್ಲಿ ಪರೀಕ್ಷಿಸಿ ಫಲವನ್ನು ಬರೆದಿಡುವುದು ಸರಿಯಾದ ಕ್ರಮ. ಮೂತಿ ಜಾರಿದರೆ ಮುಂದಿನದನ್ನು ಸಡಿಲಿಸಬೇಕು ಇಲ್ಲವೆ ಹಿಂದಿನದನ್ನು ಬಿಗಿಗೊಳಿಸಬೇಕು. ಹಿಂಭಾಗ ಬೀಸಿದರೆ ಇದಕ್ಕೆ ವಿರುದ್ಧವಾಗಿ. ಹಿಡಿತ ಕುಗ್ಗಿರುವ ತುದಿಯನ್ನು ಸಡಿಲಿಸುವುದೇ ಹಲವು ವೇಳೆ ಮೇಲು.

ಹದದ ಮಿತಿ

ಬಾರ್ ಬಿಗಿಯಾದಷ್ಟೂ ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೆ ದಾಟುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಕಾರು ಅಕ್ಕಪಕ್ಕಕ್ಕೆ ತಲೆದೂಗುತ್ತದೆ. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯ ಡಾಂಬರು ಪಂದ್ಯಪಥಕ್ಕೆ ಒಪ್ಪುವ ಬಿಗುವು, ರ್‍ಯಾಲಿಗಳು ನಡೆದಿರುವ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗೆ ಒಪ್ಪದು. ಅಲ್ಲಿ ಪ್ರತಿ ಚಕ್ರವೂ ತನ್ನಷ್ಟಕ್ಕೆ ನೆಲವನ್ನು ಅರಸಬೇಕಾಗುತ್ತದೆ.

ಸಾರ್ವಜನಿಕ ರಸ್ತೆಯ ಕಾರುಗಳಿಗೆ ತಯಾರಕರು ಸಾಮಾನ್ಯವಾಗಿ ತುಸು ಅಂಡರ್‌ಸ್ಟೀರ್ ಅನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿರುತ್ತಾರೆ. ಬೆದರಿದ ಚಾಲಕ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾನೆ. ಆಗ ಭಾರ ಮುಂದಕ್ಕೆ ಬಂದು ಮೂತಿಗೆ ಹಿಡಿತ ಮರಳುತ್ತದೆ. ಹಿಂದಿನ ಬಾರ್ ಅತಿ ಬಿಗಿಯಾದ ಕಾರಿನಲ್ಲಿ ಅದೇ ಸಹಜ ಪ್ರತಿಕ್ರಿಯೆಯಿಂದ ಹಿಂಭಾಗ ಹಗುರಾಗಿ ಕಾರು ಗಿರಕಿ ಹೊಡೆಯಬಹುದು. ಒಣ ರಸ್ತೆಯಲ್ಲಿ ಚುರುಕು ಎನಿಸಿದ ಹೊಂದಾಣಿಕೆ ಮಳೆಗಾಲದ ಘಾಟಿಯಲ್ಲಿ ಪ್ರಾಣಕ್ಕೆ ಎರವಾಗುವುದು ಹೀಗೆ.

ಮುದ್ದೆಗೂ ಮಣ್ಣಿಗೂ ಉಕ್ಕಿಗೂ ಕನ್ನಡ ಬಳಸುವ ‘ಹದ’ ಎಂಬ ಮಾತಿನ ಅರ್ಥ ಗರಿಷ್ಠ ಎಂದಲ್ಲ, ತಕ್ಕಷ್ಟು ಎಂದು. ಬಿಗುವನ್ನು ಸೂತ್ರದಿಂದ ಲೆಕ್ಕಹಾಕಬಹುದು. ಯಾವ ರಸ್ತೆಗೆ, ಯಾವ ಕೈಗೆ ಎಷ್ಟು ತಕ್ಕುದು ಎಂಬುದು ಅನುಭವದಿಂದ ಬರುವ ತೀರ್ಮಾನ. ಆ ತೀರ್ಮಾನ ಗ್ಯಾರೇಜಿನ ಮಾತಿನಲ್ಲಿ, ಮೇಸ್ತ್ರಿಯ ಅಂಗೈಯಲ್ಲಿ ಉಳಿದಿರುವವರೆಗೆ ಅದರ ದಾಖಲಾತಿಯೂ ಜಾನಪದ ಅಧ್ಯಯನದ ಹೊಣೆಯೇ ಆಗುತ್ತದೆ.